ಬೀಗಕ್ಕೆ ಕೊಟ್ಟ ಪದ್ಯ

ಮೂರು ವರ್ಷ ಬಾಯಿ ಕಟ್ಟಿಹೋಗಿದ್ದ ಅಕ್ಕ ಮೊದಲ ಸಲ ಮಾತಾಡಿದ ದಿನ ಯಾರೂ ಅಳಲಿಲ್ಲ. ಅಳಬೇಕಾದೀತೆಂದು ಎಲ್ಲರೂ ಕರವಸ್ತ್ರ ಹಿಡಿದೇ ನಿಂತಿದ್ದರು. ಆದರೆ ಕಪಾಟಿನ ಮೇಲಿದ್ದ, ಸೋಪಿನ ಪೆಟ್ಟಿಗೆಯಷ್ಟು ಪುಟ್ಟ ಸ್ಪೀಕರಿನಿಂದ ಹೊರಟ ಮೊದಲ ಮಾತು ಹೀಗಿತ್ತು:

"ಈ ತಂತಿಯಪ್ಪನಿಗೆ ಮೊದಲು ಊಟ ಹಾಕಿ. ಮೂಳೆ ಎಣಿಸಬಹುದು."

ತಂತಿಯಪ್ಪ ಎಂದರೆ ಆಸ್ಪತ್ರೆಯ ಸಂಶೋಧನಾ ತಂಡದ ಎಂಜಿನಿಯರು. ಕೊರಳಿಗೆ ಸದಾ ಎರಡು ಸುತ್ತು ತಂತಿ ನೇತುಹಾಕಿಕೊಂಡು ಓಡಾಡುವ, ತಾನೂ ತಂತಿಯ ಹಾಗೇ ಇರುವ ಮನುಷ್ಯ. ಎಷ್ಟು ತಿಂಗಳಿಂದ ಈ ಹೆಸರನ್ನು ಮನಸ್ಸಿನಲ್ಲೇ ಮಡಗಿಕೊಂಡು ಕಾದಿದ್ದಳೋ ಅಕ್ಕ! ಅವನು ನಕ್ಕು ನಕ್ಕು ಕಣ್ಣೊರೆಸಿಕೊಂಡ. ತಂಗಿಯೂ ನಕ್ಕಳು, ನಗುನಗುತ್ತಲೇ ಗೋಡೆ ಹಿಡಿದುಕೊಂಡಳು. ಧ್ವನಿ ಅಕ್ಕನದೇ, ಅನುಮಾನವಿಲ್ಲ. ಆದರೆ ಮಂಚದ ಮೇಲಿದ್ದ ಅರವತ್ತಾರರ ಅಕ್ಕನದಲ್ಲ, ಮೂವತ್ತೈದರ ಅಕ್ಕನದು.

ತಂಗಿಗೆ ಐವತ್ತೈದು ದಾಟಿ ತಲೆ ಅರ್ಧ ನರೆತಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಅಕ್ಕನಿಗೆ ಲಕ್ವ ಹೊಡೆದು, ಕಣ್ಣು ಮತ್ತು ಬಲಗೈ ಹೆಬ್ಬೆರಳು ಬಿಟ್ಟು ಬೇರೇನೂ ಆಡದಂತಾದ ಮೇಲೆ, ತನ್ನೂರಿನ ಬಾಡಿಗೆ ಮನೆ ಖಾಲಿ ಮಾಡಿ ಈ ಮೂರನೇ ಮಹಡಿಗೆ ಬಂದು ಸೇರಿದ್ದಳು. ಬೆಳಗ್ಗೆಯಿಂದ ಒಂದೂವರೆ ಗಂಟೆಯವರೆಗೆ ಅವಳಿಗೆ ಕಿವಿ ಪರೀಕ್ಷೆಯ ಅಂಗಡಿಯಲ್ಲಿ ಕೆಲಸ. ಸದ್ದು ನುಂಗುವ ಗಾಜಿನ ಪೆಟ್ಟಿಗೆಯೊಳಗೆ ಜನರನ್ನು ಕೂರಿಸುವುದು, ಸಣ್ಣದರಿಂದ ದೊಡ್ಡದರವರೆಗೆ ಒಂದೊಂದೇ ಸದ್ದು ಬಿಡುವುದು, ಯಾವುದು ಕೇಳಿಸಿತು ಯಾವುದು ಇಲ್ಲ ಎಂದು ಗೆರೆ ಎಳೆಯುವುದು, ಕಿವಿಯ ಅಚ್ಚು ತೆಗೆದು ಅದಕ್ಕೊಪ್ಪುವ ಮಿಷನ್ ಕೂರಿಸುವುದು. ಕೇಳುವುದೇ ಅವಳ ಹೊಟ್ಟೆಪಾಡು. ಅಕ್ಕನ ಎರಡು ಕಿವಿಗೂ ಮಿಷನ್ ಹಾಕಿಕೊಟ್ಟವಳು ಅವಳೇ. ಇಪ್ಪತ್ತೆಂಟು ವರ್ಷ ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದು ಹೋಗುವುದನ್ನು ಕೂಗಿ ಹೇಳಿದ ಅಕ್ಕನ ಕಿವಿಯನ್ನು ಆ ಗಾಡಿಗಳೇ ತಿಂದುಹಾಕಿದ್ದವು. ಮಿಷನ್ ಕಳಚಿದರೆ ಪಕ್ಕದಲ್ಲಿ ಪಾತ್ರೆ ಬಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ.

ಆ ಇಪ್ಪತ್ತೆಂಟು ವರ್ಷಗಳೇ ಈಗ ಉಪಯೋಗಕ್ಕೆ ಬಂದದ್ದು. ನಿಲ್ದಾಣದ ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದ ಟೇಪುಗಳನ್ನೆಲ್ಲ ತಂದು, ಅಕ್ಕನ ಧ್ವನಿಯನ್ನು ಕಂಪ್ಯೂಟರಿಗೆ ಕಲಿಸಿದ್ದರು. ಮಿದುಳಿನಲ್ಲಿ ಮಾತು ಹುಟ್ಟುವ ಜಾಗದ ಮೇಲೆ ಬೆರಳುಗುರಿನಷ್ಟು ತಗಡು, ಅದರ ತುಂಬ ಕೂದಲಿಗಿಂತ ಸಣ್ಣ ಸೂಜಿಗಳು. ಎಡಗಿವಿಯ ಮೇಲೆ ನಾಣ್ಯದಗಲದ ಒಂದು ಉಬ್ಬು, ಅಲ್ಲಿಂದ ಪೆಟ್ಟಿಗೆಗೆ ಒಂದು ತಂತಿ. ಅಕ್ಕ ನಾಲಿಗೆ ಆಡಿಸಲು ಹೆಣಗಿದರೆ ಸಾಕು, ನಾಲಿಗೆ ಆಡದಿದ್ದರೂ ಮಾತು ಸ್ಪೀಕರಿಗೆ ಬರುತ್ತಿತ್ತು. ಮಾತಿನ ಧಾಟಿ ಮಾತ್ರ ನಿಲ್ದಾಣದ್ದೇ: ತಗ್ಗಿಲ್ಲ, ಏರಿಲ್ಲ, ಒಂದೊಂದು ಪದವನ್ನೂ ಒರೆಸಿ ಸಾಲಾಗಿ ಇಟ್ಟ ಹಾಗೆ. "ಬೆನ್ನು ತುರಿಸುತ್ತಿದೆ, ಸ್ವಲ್ಪ ಎಡಕ್ಕೆ" ಎಂದರೂ ಎರಡನೇ ಪ್ಲಾಟ್‌ಫಾರ್ಮಿನ ಕಟ್ಟೆಗೆ ಗಾಡಿ ಬರುತ್ತಿದೆ ಎಂದ ಹಾಗೇ ಕೇಳುತ್ತಿತ್ತು. ಬೆಳಗಿನ ಹೊತ್ತು ಅಕ್ಕನನ್ನು ನೋಡಿಕೊಳ್ಳುವ ನರ್ಸಮ್ಮ, "ಅಕ್ಕಾವ್ರು ಕರೆದಾಗೆಲ್ಲ ನನಗೆ ಚೀಲ ಎತ್ಕೊಂಡು ಓಡಬೇಕು ಅನ್ಸುತ್ತೆ" ಎನ್ನುತ್ತಿದ್ದಳು.

ಆದರೆ ಹೆಣಗಾಟದ ಮಾತು ದಣಿವಿನ ಮಾತು. ಹತ್ತು ವಾಕ್ಯಕ್ಕೆ ಅಕ್ಕನ ಹಣೆ ಬೆವರುತ್ತಿತ್ತು. ಒಂದು ವರ್ಷ ಕಳೆದ ಮೇಲೆ ತಂತಿಯಪ್ಪ ಹೊಸದೊಂದನ್ನು ತಂದ.

"ಇನ್ಮೇಲೆ ಕಷ್ಟಪಡೋದೇ ಬೇಡಮ್ಮ. ಮನಸ್ಸಿನಲ್ಲಿ ಅಂದ್ಕೊಂಡ್ರೆ ಸಾಕು. ನಾವು ಒಳಗೊಳಗೇ ಮಾತಾಡ್ಕೊಳ್ತೀವಲ್ಲ, ಅದನ್ನೇ ಹಿಡಿಯುತ್ತೆ ಇದು."

"ಅಯ್ಯೋ," ಎಂದಳು ನರ್ಸಮ್ಮ, "ಹಾಗಾದ್ರೆ ನಾನು ಕೆಲಸ ಬಿಡ್ತೀನಿ. ನನ್ನ ಬಗ್ಗೆ ಅಕ್ಕಾವ್ರು ಅಂದ್ಕೊಳ್ಳೋದೆಲ್ಲ ಹೊರಗೆ ಬಂದ್ರೆ?"

"ಅದಕ್ಕೇ ಬೀಗ ಇಟ್ಟಿದೀವಿ," ಎಂದ ತಂತಿಯಪ್ಪ. "ಒಂದು ಕೀಲಿಮಾತು. ಅಮ್ಮ ಅದನ್ನ ಮನಸ್ಸಿನಲ್ಲಿ ಹೇಳ್ಕೊಂಡ್ರೆ ಮಾತ್ರ ಬೀಗ ತೆಗೆಯುತ್ತೆ. ಮೂರು ನಿಮಿಷ ಸುಮ್ಮನಿದ್ರೆ ತಾನೇ ಮುಚ್ಕೊಳ್ಳುತ್ತೆ. ತೆಗೆದಿರುವಾಗ ಪೆಟ್ಟಿಗೆ ಮೇಲೆ ಹಸಿರು ದೀಪ. ಸುಮ್ಮಸುಮ್ಮನೆ ಮನಸ್ಸಿಗೆ ಬರದೇ ಇರೋಂಥ ಮಾತು ಆರಿಸ್ಕೊಳ್ಳಿ."

ಅರ್ಥವಿಲ್ಲದ ಸಾಲುಗಳನ್ನೆಲ್ಲ ಹಾಕಿ ನೋಡಿದರು. ನೀಲಿ ಕುದುರೆ ಮೆಟ್ಟಿಲ ಮೇಲೆ ಮಲಗಿತು. ಏಳು ಕೊಡೆಗಳು ಸಾಬೂನು ತಿಂದವು. ಅಕ್ಕ ಎಷ್ಟು ಸಲ ಅಂದುಕೊಂಡರೂ ಯಂತ್ರ ಅರ್ಧಕ್ಕರ್ಧ ತಪ್ಪಿ ಹಿಡಿಯಿತು. ಗುರುತು ಸ್ಪಷ್ಟವಾಗಿಲ್ಲ, ಇನ್ನೂ ಗಟ್ಟಿಯಾಗಿ ಬೇರೂರಿದ ಮಾತು ಬೇಕು ಎಂದ ತಂತಿಯಪ್ಪ. ಆಗ ಪುಟ್ಟಿಯೇ ಬಾಯಿ ಹಾಕಿದಳು.

"ಅಕ್ಕ, ಅಮ್ಮನ ಪದ್ಯ ಕೊಡೋಣ್ವಾ?"

ಅಮ್ಮನ ಪದ್ಯವೆಂದರೆ ಯಾರು ಕಟ್ಟಿದ್ದೋ ಯಾರಿಗೂ ತಿಳಿಯದ್ದು. ಅಮ್ಮನಿಗೆ ಅವಳಮ್ಮನಿಂದ ಬಂದದ್ದು.

ದಣಿದು ಬಂದೆನು ದೊರೆಯೆ, ದಾರಿ ತೋರಿಸು ಎನಗೆ,
ಕಾಣದಿದ್ದರು ಕೈಯ ಬಿಡದಿರು ಕೊನೆಗೆ.

ಜಡೆ ಹೆಣೆಯುವಾಗ, ಮಕ್ಕಳ ಜ್ವರದ ಹಣೆಗೆ ಒದ್ದೆ ಬಟ್ಟೆ ಇಡುವಾಗ, ಕರೆಂಟು ಹೋದ ಸಂಜೆ ಮೂವರೂ ಗೋಡೆಗೊರಗಿ ಕೂತಾಗ ಅಮ್ಮ ಅದನ್ನು ಹೇಳುತ್ತಿದ್ದಳು. ಹುಡುಗಿಯರು ಓದಿ ಕಲಿತದ್ದಲ್ಲ, ಕೇಳಿ ಕೇಳಿ ಮೈಗೆ ಹತ್ತಿಸಿಕೊಂಡದ್ದು. ಅಕ್ಕ ಮೊದಲ ಸಾಲು ಅಂದುಕೊಂಡದ್ದೇ ತಡ, ಹಸಿರು ದೀಪ ಹೊತ್ತಿತು. ನೂರಕ್ಕೆ ನೂರು ಸಲ. "ಇಷ್ಟು ಚೊಕ್ಕಟವಾದ ಗುರುತು ನಾನು ನೋಡೇ ಇಲ್ಲ" ಎಂದ ತಂತಿಯಪ್ಪ.

ಅವನದೇನು ತಪ್ಪು? ಅವನು ಪದ್ಯದ ಮನೆಯಲ್ಲಿ ಬೆಳೆದವನಲ್ಲ. ಪುಟ್ಟಿಗಾದರೂ ಹೊಳೆಯಬೇಕಿತ್ತು. ಅಂಥ ಮನೆಯವರಿಗೆ ಪದ್ಯ ನೆನಪು ಮಾಡಿಕೊಂಡಾಗ ಬರುವುದಲ್ಲ, ಬರುತ್ತಲೇ ಇರುವುದು. ಕೆಳಗೆಲ್ಲೋ ನಲ್ಲಿ ಸರಿಯಾಗಿ ಮುಚ್ಚದ ಮನೆಯ ಹಾಗೆ, ಎಚ್ಚರದಲ್ಲೂ ಅರೆನಿದ್ದೆಯಲ್ಲೂ ಅದು ಒಳಗೆ ತೊಟ್ಟಿಕ್ಕುತ್ತಲೇ ಇರುತ್ತದೆ.

ಹನ್ನೆರಡು ದಿನ ಯಾರಿಗೂ ಏನೂ ತಿಳಿಯಲಿಲ್ಲ. ಹದಿಮೂರನೆಯ ದಿನ ಪುಟ್ಟಿ ಎಂದಿನಂತೆ ಎರಡಕ್ಕೆ ಬಂದು ನರ್ಸಮ್ಮನನ್ನು ಕಳಿಸಿ, ಅಕ್ಕನಿಗೆ ಗಂಜಿ ಕುಡಿಸಿ, ಎರಡು ಕಿವಿಯ ಮಿಷನ್ ಕಳಚಿ ತೇವ ಹೀರುವ ಡಬ್ಬಿಗೆ ಹಾಕಿದಳು. ದಿನಾ ಮಧ್ಯಾಹ್ನ ಅಕ್ಕನ ಕಿವಿಗೆ ಮೂರು ಗಂಟೆ ವಿರಾಮ. ಇಲ್ಲದಿದ್ದರೆ ಅಚ್ಚಿನೊಳಗೆ ಬೆವತು ಹುಣ್ಣಾಗುತ್ತಿತ್ತು. ಆಮೇಲೆ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತ ನಿಂತಳು. ನಾಲ್ಕು ಗಂಟೆಯಾಗಿರಬಹುದು. ಕೋಣೆಯಿಂದ ಧ್ವನಿ ಬಂತು.

"ಪುಟ್ಟಿಗೆ ಹೇಳಿದೆಯಾ?"

"ಏನಕ್ಕಾ?" ಎಂದು ಕೈ ಒರೆಸಿಕೊಳ್ಳುತ್ತ ಹೋದಳು. ಅಕ್ಕ ಕಣ್ಣು ಮುಚ್ಚಿದ್ದಳು. ಉಸಿರು ನಿಧಾನವಾಗಿತ್ತು. ಪೆಟ್ಟಿಗೆಯ ಮೇಲೆ ಹಸಿರು ದೀಪ.

"ಹೇಳಿದೀನಿ ಅಮ್ಮ," ಎಂದಿತು ಸ್ಪೀಕರು, ಅದೇ ಧ್ವನಿಯಲ್ಲಿ. "ಹೊರಟಿದ್ದಾಳಂತೆ."

ಆಮೇಲೆ, "ಎಷ್ಟು ಹೊತ್ತಿಗೆ ಬರ್ತಾಳೆ?"

"ಬರ್ತಾಳೆ. ನೀನು ನೀರು ಕುಡಿ."

ಒಂದೇ ಧ್ವನಿ, ಒಂದೇ ಧಾಟಿ, ಮೂವತ್ತೈದರ ಅಕ್ಕನ ಒರೆಸಿಟ್ಟ ಪದಗಳು. ಆದರೆ ಮಾತಾಡುತ್ತಿದ್ದವರು ಇಬ್ಬರು. ಕೇಳುವವಳು ಅಮ್ಮ, ಹೇಳುವವಳು ಅಕ್ಕ. ಅಮ್ಮ ತೀರಿ ಹನ್ನೊಂದು ವರ್ಷವಾಗಿತ್ತು.

ಏನಾಗಿದೆಯೆಂದು ಅವಳಿಗೆ ತಕ್ಷಣ ಹೊಳೆಯಿತು. ಅರೆನಿದ್ದೆಯಲ್ಲಿ ಅಕ್ಕನ ಒಳಗೆ ಪದ್ಯ ಹರಿದಿದೆ, ಬೀಗ ಬಿಚ್ಚಿದೆ, ಒಳಗಿನದು ಹೊರಗೆ ಬರುತ್ತಿದೆ. ಕಿವಿ ಬರಿದಾಗಿರುವುದರಿಂದ ತನ್ನ ಮನಸ್ಸು ಕೋಣೆಯಲ್ಲಿ ಗಟ್ಟಿಯಾಗಿ ಮಾತಾಡುತ್ತಿರುವುದು ಅಕ್ಕನಿಗೇ ಗೊತ್ತಿಲ್ಲ. ತಂತಿಯಪ್ಪನಿಗೆ ಒಂದು ಫೋನು ಮಾಡಿದರೆ ಮುಗಿಯುವ ಕೆಲಸ. ಇಲ್ಲವೇ ಕೈ ಚಾಚಿ ಸ್ಪೀಕರಿನ ಗುಂಡಿ ಒತ್ತಿದರೂ ಆಯಿತು.

ಒತ್ತಲಿಲ್ಲ. ಬಾಗಿಲ ಬಳಿಯ ಮುಕ್ಕಾಲಿಯ ಮೇಲೆ ಕೂತಳು.

ಏಕೆಂದರೆ ಅದು ಅವಳ ಹನ್ನೊಂದು ವರ್ಷದ ಗಾಯ. ಅಮ್ಮ ಈ ಕೋಣೆಯಲ್ಲೇ, ಅಕ್ಕನ ಕೈಯಲ್ಲೇ ಹೋದದ್ದು. ಆಗ ಪುಟ್ಟಿ ನಾಲ್ಕು ಗಂಟೆ ಪ್ರಯಾಣದ ದೂರದ ಊರಿನಲ್ಲಿದ್ದಳು. ಗುರುವಾರ ಬೆಳಗ್ಗೆ ಅಕ್ಕನ ಫೋನು ಬಂತು: "ಅಮ್ಮನಿಗೆ ಇದ್ದಕ್ಕಿದ್ದ ಹಾಗೆ ಜೋರಾಗಿದೆ, ಬಾ." ಅವತ್ತು ಶಾಲೆಯೊಂದರಲ್ಲಿ ನೂರಾರು ಮಕ್ಕಳ ಕಿವಿ ಪರೀಕ್ಷೆ ಹಮ್ಮಿಕೊಂಡಿದ್ದರು. ಸಾಲಿನಲ್ಲಿ ನಿಂತ ಮಕ್ಕಳನ್ನು ಮುಗಿಸಿಯೇ ಹೋಗೋಣ ಎಂದುಕೊಂಡು ಮೂರು ತಾಸು ತಡಮಾಡಿದಳು. ಬಂದಾಗ ಅಮ್ಮ ಹೋಗಿ ಎರಡು ತಾಸಾಗಿತ್ತು. ಕೊನೆಗೆ ನನಗೇನಾದರೂ ಹೇಳಿದಳಾ ಎಂದು ಎಷ್ಟು ಸಲ ಕೇಳಿದರೂ ಅಕ್ಕನದು ಒಂದೇ ಉತ್ತರ: "ಏನೂ ಹೇಳಲಿಲ್ಲ ಕಣೆ. ಬುಧವಾರದ ತನಕ ಚೆನ್ನಾಗೇ ಇದ್ಲು." ಅದಷ್ಟೇ. ಆ ಎರಡು ತಾಸನ್ನು ಪುಟ್ಟಿ ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದ್ದಳು. ಈಗ ಅಮ್ಮನೇ ತನ್ನ ಹೆಸರೆತ್ತಿ ಕೇಳುತ್ತಿದ್ದಾಳೆ! ಎದ್ದು ಹೋಗುವುದಾದರೂ ಹೇಗೆ?

ಅವಳಿಗೆ ತಿಳುವಳಿಕೆ ಇತ್ತು. ಇದು ಅಮ್ಮನಲ್ಲ, ಅಕ್ಕನ ಮನಸ್ಸಿನಲ್ಲಿ ಉಳಿದುಕೊಂಡ ಅಮ್ಮ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು ಮರುದಿನವೂ ಅದೇ ಮುಕ್ಕಾಲಿಯ ಮೇಲೆ ಕೂತಳು. ಅದರ ಮರುದಿನವೂ ಅಷ್ಟೇ. ಪದ್ಯದ ಎರಡು ಸಾಲು ಸ್ಪೀಕರಿನಲ್ಲಿ ಸವೆದ ಹಾಗೆ ಬರುತ್ತಿತ್ತು, ಅದರ ಬೆನ್ನಿಗೆ ಮಾತು. ದಿನಾ ಅದೇ ಮಾತು, ಆದರೆ ಸ್ವಲ್ಪ ಸ್ವಲ್ಪ ಬೇರೆ. ಒಮ್ಮೆ ಅಮ್ಮ ಕಿಟಕಿ ಹಾಕು ಅನ್ನುತ್ತಿದ್ದಳು, ಒಮ್ಮೆ ತೆಗೆ ಅನ್ನುತ್ತಿದ್ದಳು. ಒಂದು ದಿನ ಅಮ್ಮ ಹೀಗೆ ಕೇಳಿದಳು:

"ಇವತ್ತು ಯಾವ ವಾರ?"

"ಮಂಗಳವಾರ ಅಮ್ಮ."

"ಪುಟ್ಟಿಗೆ ಹೇಳಿದೆಯಾ?"

"ಹೇಳಿದೀನಿ. ಹೊರಟಿದ್ದಾಳಂತೆ."

ಪುಟ್ಟಿ ದಿನ ಎಣಿಸಿದಳು. ಮಂಗಳವಾರ! ತನಗೆ ಫೋನು ಬಂದದ್ದು ಗುರುವಾರ. ಮಂಗಳವಾರದಿಂದಲೂ ಅಮ್ಮ ಕೇಳುತ್ತಿದ್ದಳು, ಮಂಗಳವಾರದಿಂದಲೂ ಅಕ್ಕ ಹೇಳಿದೀನಿ ಎನ್ನುತ್ತಿದ್ದಳು. ಯಾರಿಗೂ ಏನೂ ಹೇಳಿರಲಿಲ್ಲ.

ಆ ಸಂಜೆ ಅಕ್ಕನ ಕಿವಿಗೆ ಮಿಷನ್ ಹಾಕುವಾಗ ಅವಳ ಕೈ ಒರಟಾಯಿತು. "ನೋವಾಯಿತು," ಎಂದಿತು ಸ್ಪೀಕರು ಮರ್ಯಾದೆಯಿಂದ. "ನಿನಗೆ ಮೈ ಹುಷಾರಿಲ್ಲವಾ?"

"ಚೆನ್ನಾಗೇ ಇದೀನಿ."

"ಮುಖ ಊದಿದೆ."

"ಈರುಳ್ಳಿ ಹೆಚ್ಚಿದೆ ಅಕ್ಕ. ಅದಕ್ಕೂ ಲೆಕ್ಕ ಕೊಡಬೇಕಾ?"

ಕೇಳಿಬಿಡಬಹುದಿತ್ತು. ಆದರೆ ಏನೆಂದು ಕೇಳುವುದು? ಯಾಕೆ ಸುಳ್ಳು ಹೇಳಿದೆ ಎಂದರೆ, ನಿನಗೆ ಹೇಗೆ ಗೊತ್ತಾಯಿತು ಎನ್ನುತ್ತಾಳೆ. ಕೈಕಾಲು ಹೋಯಿತು, ಬಾಯಿ ಹೋಯಿತು, ಮೈ ತೊಳೆಯುವುದಕ್ಕೂ ಇನ್ನೊಬ್ಬರ ಕೈ. ಅಕ್ಕನಿಗೆ ತನ್ನದೆಂದು ಉಳಿದದ್ದು ತಲೆಯೊಳಗಿನ ಅದೊಂದೇ ಕೋಣೆ. ಅದರ ಬಾಗಿಲ ಸಂದಿಗೆ ತಂಗಿ ದಿನಾ ಕಿವಿ ಇಟ್ಟು ಕೂತಿದ್ದಳೆಂದು ಹೇಗೆ ಹೇಳುವುದು?

ಹೇಳಲಿಲ್ಲ. ಬದಲಿಗೆ ಮಿಷನ್ನನ್ನು ಎರಡೂವರೆಗೆ ಕಳಚುತ್ತಿದ್ದವಳು ಎರಡೂಕಾಲಿಗೆ ಕಳಚಿದಳು, ಆಮೇಲೆ ಬಂದವಳೇ ಕಳಚಿದಳು. ನರ್ಸಮ್ಮ ಚೀಲ ಹೆಗಲಿಗೇರಿಸುತ್ತ, "ಏನು ಇಷ್ಟು ಅವಸರ? ಅಕ್ಕಾವ್ರಿಗೆ ಇನ್ನೂ ಗಂಜಿ ಕುಡಿಸಿಲ್ಲ, ಆಗ್ಲೇ ಕಿವಿ ಕಿತ್ಕೊಂಡ್ರಲ್ಲ" ಎಂದಳು. ನಗೆಮಾತೇ. ಪುಟ್ಟಿಗೆ ಅದು ಚುಚ್ಚಿತು.

ಇನ್ನೊಂದು ಮಧ್ಯಾಹ್ನ ಅಮ್ಮನ ಪ್ರಶ್ನೆ ಬದಲಾಯಿತು.

"ಪುಟ್ಟಿ ಬಂದಳಾ?"

ಎದುರು ಮನೆಯ ಬಾಲ್ಕನಿಯಲ್ಲಿ ಯಾರೋ ಒದ್ದೆ ಬಟ್ಟೆ ಕೊಡವುತ್ತಿದ್ದ ಸದ್ದು ಮಾತ್ರ. ಆಮೇಲೆ:

"ಬಂದೆ ಅಮ್ಮ."

ಪುಟ್ಟಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ತಾನೇ ಅಂದುಬಿಟ್ಟೆನೇನೋ ಎಂಬ ಭಯ. ಇಲ್ಲ, ಅವಳ ತುಟಿ ಮುಚ್ಚಿಯೇ ಇತ್ತು.

"ಬಂದೆ ಅಮ್ಮ," ಎಂದಿತು ಮತ್ತೆ ಆ ಸಮತಟ್ಟಾದ ಧ್ವನಿ. "ಪುಟ್ಟಿ ಬಂದಿದೀನಿ. ಇಲ್ಲೇ ಇದೀನಿ."

ಮೂರು ನಿಮಿಷ ಕಳೆದು ಹಸಿರು ದೀಪ ಆರಿತು. ಅಕ್ಕನ ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಒರೆಸಿದರೆ ಎಚ್ಚರವಾದೀತೆಂದು ಪುಟ್ಟಿ ಒರೆಸಲಿಲ್ಲ. ಆ ಕೋಣೆಯಲ್ಲಿ ಮೂವರಿದ್ದರು; ಅದರಲ್ಲಿ ಒಬ್ಬಳು ತಾನೇ, ಮತ್ತು ಆ ತಾನು ತಾನಲ್ಲ. ಅಕ್ಕನ ತಲೆಯೊಳಗೆ ಪುಟ್ಟಿಯೆಂಬ ಇನ್ನೊಬ್ಬಳು ಸಮಯಕ್ಕೆ ಸರಿಯಾಗಿ ಬಂದು ಅಮ್ಮನ ಮಂಚದ ಬಳಿ ಕೂತುಬಿಟ್ಟಿದ್ದಳು. ಎಂಥ ಮಾತಿದು ದೇವರೇ, ಎಂದು ಅವಳು ಅಡುಗೆಮನೆಗೆ ಹೋಗಿ ಗೋಡೆಗೆ ಹಣೆಯಿಟ್ಟು ನಿಂತಳು. ಪದ್ಯ ಹೇಳಿಕೊಳ್ಳಲು ಬಾಯಿ ಬರಲಿಲ್ಲ.

ಮರುದಿನ ಅಂಗಡಿಯಲ್ಲಿದ್ದಾಗ ತಂತಿಯಪ್ಪನ ಫೋನು.

"ಮೇಡಂ, ನಾಳೆ ತಿಂಗಳ ತಪಾಸಣೆಗೆ ಬರ್ತೀನಿ. ಒಂದು ವಿಚಿತ್ರ. ಪೆಟ್ಟಿಗೆ ಕಳಿಸಿರೋ ದಾಖಲೆ ನೋಡ್ತಿದ್ದೆ. ಬೀಗ ದಿನಕ್ಕೆ ನಲವತ್ತು ಸಲ ತೆಗೀತಾ ಇದೆ. ಮಧ್ಯಾಹ್ನ ಜಾಸ್ತಿ. ಮಾತು ನಮಗೆ ಕಾಣಲ್ಲ, ಸಮಯ ಮಾತ್ರ ಕಾಣುತ್ತೆ. ನಿಮಗೇನಾದ್ರೂ ಕೇಳಿಸ್ತಾ?"

"ಇಲ್ವಲ್ಲಪ್ಪ," ಎಂದಳು ಪುಟ್ಟಿ. "ಮಧ್ಯಾಹ್ನ ಅಕ್ಕ ಮಲಗಿರ್ತಾಳೆ."

ಫೋನು ಇಟ್ಟಳು. ಸುಳ್ಳು ಎಷ್ಟು ಸಲೀಸಾಗಿ ಬಂತು! ಹೇಳಿದೀನಿ ಅಮ್ಮ, ಹೊರಟಿದ್ದಾಳಂತೆ. ಅಕ್ಕನಿಗೂ ಹೀಗೇ ಬಂದಿರಬೇಕು. ಮೊದಲೇ ಯೋಚಿಸಿದ್ದಲ್ಲ, ಬಾಯಿ ತೆರೆದಾಗ ನಾಲಿಗೆಯ ಮೇಲೆ ಸಿದ್ಧವಾಗಿಯೇ ಇದ್ದದ್ದು. ನಾಳೆ ಅವನು ಬಂದು ಬೀಗ ಬದಲಾಯಿಸುತ್ತಾನೆ. ಇನ್ನು ಉಳಿದದ್ದು ಇವತ್ತಿನ ಮಧ್ಯಾಹ್ನವೊಂದೇ. ಅಮ್ಮ ಕೊನೆಗೆ ಏನು ಹೇಳಿದಳು ಎಂಬುದು ಇವತ್ತು ತಿಳಿಯದಿದ್ದರೆ ಇನ್ನೆಂದೂ ತಿಳಿಯುವುದಿಲ್ಲ.

ಅವತ್ತು ಅವಳು ಅಡುಗೆಮನೆಗೆ ಹೋಗಲೇ ಇಲ್ಲ. ಮಿಷನ್ನುಗಳನ್ನು ಡಬ್ಬಿಗೂ ಹಾಕಲಿಲ್ಲ. ಅಂಗೈಯಲ್ಲಿ ಹಿಡಿದುಕೊಂಡೇ ಕೂತಳು. ನಾಲ್ಕಕ್ಕೆ ಇನ್ನೂ ಐದು ನಿಮಿಷವಿತ್ತು. ಹಸಿರು ದೀಪ ಹೊತ್ತಿತು. ದಣಿದು ಬಂದೆನು ದೊರೆಯೆ. ಯಾವ ವಾರ, ಕಿಟಕಿ ಹಾಕು, ಪುಟ್ಟಿಗೆ ಹೇಳಿದೆಯಾ. ಒಂದೊಂದೂ ನಿಲ್ದಾಣದ ಘೋಷಣೆಯಂತೆ ಬಂದು ಹೋಯಿತು.

"ಪುಟ್ಟಿ ಬಂದಳಾ?"

"ಬಂದೆ ಅಮ್ಮ."

ಇನ್ನು ಅಮ್ಮ ಏನೋ ಹೇಳಬೇಕು. ಪುಟ್ಟಿ ಮಂಚಕ್ಕೆ ಬಾಗಿದಳು. ಅಷ್ಟು ಹತ್ತಿರದಿಂದ ಅಕ್ಕನ ಮುಖ ಕಂಡಿತು: ಕೆನ್ನೆಯ ಜೋಲು, ಕಣ್ಣಂಚಿನ ಒದ್ದೆ, ಏನೂ ತಿಳಿಯದೆ ಬಿಚ್ಚಿಕೊಂಡು ಮಲಗಿದ ಜೀವ. ಸಾಯುವವಳ ಬಳಿ ಕೂತು ಸುಳ್ಳು ಹೇಳಿದ ಅಕ್ಕನಷ್ಟೇ ಅಲ್ಲ, ಕದ್ದು ಕೇಳುವ ತಾನೂ ಕಳ್ಳಿಯೇ ಎಂದು ಅವಳಿಗೆ ಅನ್ನಿಸಿತು. ಬೆರಳಿಗೆ ಅಭ್ಯಾಸವಾದ ಕೆಲಸ. ಒಂದು ಉಸಿರಿನಲ್ಲಿ ಮಿಷನ್ನನ್ನು ಅಕ್ಕನ ಬಲಗಿವಿಗೆ ಕೂರಿಸಿಬಿಟ್ಟಳು.

"ಇಲ್ಲೇ ಇದೀನಿ," ಎನ್ನುತ್ತಿತ್ತು ಸ್ಪೀಕರು.

ಅಕ್ಕನ ಕಣ್ಣು ತೆರೆಯಿತು.

"ಯಾರದು ಮಾತಾಡಿದ್ದು," ಎಂದಿತು ಸ್ಪೀಕರು. "ನಾನು. ಇದು ನಾನು. ಹಸಿರು ದೀಪ. ಯಾವಾಗಿನಿಂದ? ಪುಟ್ಟಿ ಇಲ್ಲೇ ಕೂತಿದ್ದಾಳೆ. ಕೇಳಿಸಿಕೊಂಡಿದ್ದಾಳೆ. ಏನೂ ಯೋಚಿಸಬೇಡ. ಏನೂ ಯೋಚಿಸಬೇಡ. ದಣಿದು ಬಂದೆನು ದೊರೆಯೆ ದಾರಿ ತೋರಿಸು ಎನಗೆ. ದಣಿದು ಬಂದೆನು ದೊರೆಯೆ."

ಹೆದರಿದಾಗ ಆ ಮನೆಯ ಹೆಣ್ಣುಮಕ್ಕಳು ಹಿಡಿದುಕೊಳ್ಳುವುದು ಅದೊಂದನ್ನೇ. ಅಕ್ಕ ಅದನ್ನು ಹಿಡಿದುಕೊಂಡಷ್ಟೂ ಬೀಗ ಮತ್ತೆ ಮತ್ತೆ ಬಿಚ್ಚುತ್ತಿತ್ತು. ಅವಳ ಮುಖದ ಒಂದು ನರವೂ ಅಲುಗುತ್ತಿರಲಿಲ್ಲ. ಧ್ವನಿಯಲ್ಲಿ ಎಳ್ಳಷ್ಟೂ ಗಾಬರಿಯಿರಲಿಲ್ಲ. ಕಣ್ಣಿನ ಗುಡ್ಡೆಗಳು ಮಾತ್ರ ಸ್ಪೀಕರಿನ ಗುಂಡಿಗೂ ಪುಟ್ಟಿಯ ಮುಖಕ್ಕೂ ಓಡಾಡುತ್ತಿದ್ದವು. ಆರಿಸು. ಆರಿಸು. ಬೇಡಿಕೊಳ್ಳುವ ಆ ಕಣ್ಣು ಪುಟ್ಟಿಗೆ ಚೆನ್ನಾಗಿ ಅರ್ಥವಾಯಿತು. ಅವಳು ಎದ್ದು ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಲು ಆಗಲಿಲ್ಲ.

"ಕ್ಷಮಿಸು ಅಕ್ಕ. ಒಂದೇ ಒಂದು ಹೇಳಿಬಿಡು. ಮಂಗಳವಾರವೇ ನನಗ್ಯಾಕೆ ಫೋನ್ ಮಾಡ್ಲಿಲ್ಲ?"

"ಮಾಡಿದ್ದೆ ಅನ್ನು," ಎಂದಿತು ಸ್ಪೀಕರು. "ಲೈನು ಸಿಗಲಿಲ್ಲ ಅನ್ನು. ಲೈನು ಸಿಗಲಿಲ್ಲ ಪುಟ್ಟಿ. ಅಯ್ಯೋ ಎರಡೂ ಕೇಳಿಸುತ್ತಿದೆ. ಅಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಮಂಗಳವಾರ ನನ್ನ ಕೈ ಹಿಡಿದು, ಪುಟ್ಟಿಗೆ ಹೇಳು, ಪುಟ್ಟಿಗೆ ಹೇಳು. ನಾನು ಗಂಜಿ ಕುಡಿಸಿದೆ. ನಾನು ಬಟ್ಟೆ ಬದಲಾಯಿಸಿದೆ. ಹತ್ತು ವರ್ಷ ನಾನೇ. ನನ್ನ ಹೆಸರು ಒಂದು ಸಲವೂ ಇಲ್ಲ. ಬುಧವಾರ, ಪುಟ್ಟಿ ಬಂದಳಾ ಅಂದಳು. ಬಂದೆ ಅಂದೆ. ಮುಖ ಎಷ್ಟು ಅರಳಿತು. ನನಗೆ ಅದು ಬೇಕಾಗಿತ್ತು. ಅದೊಂದು ದಿನ ನನಗೆ ಬೇಕಾಗಿತ್ತು."

ಅಮ್ಮ ತನ್ನನ್ನು ಕಾಣದೆ ಹೋಗಲಿಲ್ಲ. ಕಂಡೆನೆಂದೇ ತಿಳಿದು ಹೋದಳು. ಇದು ಸಮಾಧಾನವೋ ಕಳವೋ ಪುಟ್ಟಿಗೆ ತಿಳಿಯಲಿಲ್ಲ.

"ಆಮೇಲೆ?" ಎಂದಳು. "ಬಂದೆ ಅಂದ ಮೇಲೆ ಅಮ್ಮ ನನಗೇನು ಹೇಳಿದ್ಲು?"

ಸ್ಪೀಕರು ಪದ್ಯ ಹೇಳಿತು. ಅರ್ಧಕ್ಕೇ ನಿಲ್ಲಿಸಿತು. ಮತ್ತೆ ಹೇಳಿತು. ಆಮೇಲೆ ಒಂದೊಂದೇ ಪದವನ್ನು ಒರೆಸಿ ಇಟ್ಟಿತು:

"ಬಂದೆಯಾ ಪುಟ್ಟಿ. ಅಕ್ಕ ಎಲ್ಲಿ. ಅಕ್ಕನ್ನ ಕರಿ."

ಪುಟ್ಟಿ ಮಂಚದ ಕಡೆ ತಿರುಗಿದಳು.

"ಅಕ್ಕ ಎಲ್ಲಿ. ಅಕ್ಕನ್ನ ಕರಿ. ರಾತ್ರಿಯೆಲ್ಲ ಅದೇ. ನಾನೇ ಅಮ್ಮ ಅಂದೆ. ಅಲ್ಲ, ನೀನು ಪುಟ್ಟಿ ಅಂದಳು. ನಂಬಲಿಲ್ಲ. ನಂಬುವ ಹಾಗೆ ಹೇಳಿದ್ದೆನಲ್ಲ. ಅದಕ್ಕೇ ಬೆಳಗ್ಗೆ ನಿನಗೆ ಫೋನು ಮಾಡಿದೆ. ನೀನು ಬಂದರೆ ಅವಳ ಪಕ್ಕ ನೀನು ಕೂರುತ್ತಿದ್ದೆ. ಆಗ ನಾನು ಅಕ್ಕ ಆಗಬಹುದಿತ್ತು. ನೀನು ಎರಡು ತಾಸು ತಡವಾಗಿ ಬಂದೆ. ಅಕ್ಕ ಎಲ್ಲಿ. ಅಕ್ಕನ್ನ ಕರಿ. ನನ್ನ ಕೈ ಹಿಡಿದುಕೊಂಡೇ ಕೇಳಿದಳು. ಅಕ್ಕ ಎಲ್ಲಿ."

ಆ ಕೊನೆಯ ಮಾತು ನಿಲ್ಲಲಿಲ್ಲ. ಅಕ್ಕನ ಹಿಡಿತ ತಪ್ಪಿಹೋಗಿತ್ತು. ಒಳಗಿನ ಅಮ್ಮ ಕೇಳುತ್ತಲೇ ಇದ್ದಳು, ಕಟ್ಟೆಯಲ್ಲಿ ಯಾರೂ ಇಲ್ಲದಿದ್ದರೂ ಕೂಗುವ ಘೋಷಣೆಯಂತೆ, ತಾಳ್ಮೆಯಿಂದ. ಅಕ್ಕ ಎಲ್ಲಿ. ಅಕ್ಕ ಎಲ್ಲಿ. ಅಕ್ಕನ ಕಣ್ಣು ಈಗ ಗುಂಡಿಯನ್ನೂ ನೋಡುತ್ತಿರಲಿಲ್ಲ, ಪುಟ್ಟಿಯನ್ನೂ ನೋಡುತ್ತಿರಲಿಲ್ಲ. ಹನ್ನೊಂದು ವರ್ಷ ಈ ಪ್ರಶ್ನೆಗೆ ಒಳಗೆ ಉತ್ತರ ಕೊಡುವವರು ಯಾರೂ ಇರಲಿಲ್ಲ. ಕೊಡಬೇಕಾದವಳು ಪುಟ್ಟಿಯಾಗಿ ಕೂತುಬಿಟ್ಟಿದ್ದಳಲ್ಲ.

ಪುಟ್ಟಿ ಗುಂಡಿ ಬಿಟ್ಟು ಮಂಚದ ಅಂಚಿಗೆ ಕೂತಳು. ಅಕ್ಕನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಮಿಷನ್ನಿನ ಬಳಿಗೆ ಬಾಯಿ ತಂದು, ಕಿವಿ ಮಂದವಾದವರೊಡನೆ ಮಾತಾಡುವ ತನ್ನ ಕಸುಬಿನ ಧ್ವನಿಯಲ್ಲಿ, ನಿಧಾನವಾಗಿ ಬಿಡಿಸಿ ಹೇಳಿದಳು:

"ಅಮ್ಮ, ಅಕ್ಕ ಇಲ್ಲೇ ಇದ್ದಾಳೆ. ನಿನ್ನ ಕೈ ಹಿಡ್ಕೊಂಡಿರೋಳು ಅಕ್ಕನೇ. ಮಂಗಳವಾರದಿಂದಲೂ ಅವಳೇ."

ಸ್ಪೀಕರು ನಿಂತಿತು. ದೀಪ ಇನ್ನೂ ಹಸಿರಾಗಿಯೇ ಇತ್ತು. ಅಕ್ಕನ ಹೆಬ್ಬೆರಳು ಪುಟ್ಟಿಯ ಅಂಗೈಯಲ್ಲಿ ಒಮ್ಮೆ ಮಿಸುಕಿತು.

ಆಮೇಲೆ ಆ ಧ್ವನಿ, ತಗ್ಗದೆ ಏರದೆ, ಕೇಳಿತು:

"ಮತ್ತೆ ನೀನು ಯಾರು?"

ಪುಟ್ಟಿ ತನ್ನ ಹೆಸರು ಹೇಳಲು ಬಾಯಿ ತೆರೆದಳು. ಆ ಹೆಸರಿನವಳು ಅಲ್ಲಿಗೆ ಆಗಲೇ ಬಂದು ಹೋಗಿದ್ದಳು. ಮೂರು ನಿಮಿಷಕ್ಕೆ ದೀಪ ಆರಿತು.

ಮರುದಿನ ತಂತಿಯಪ್ಪ ಚೀಲ ಇಳಿಸುವ ಮೊದಲೇ ಪುಟ್ಟಿ ಹೇಳಿಬಿಟ್ಟಳು. "ನಿನ್ನೆ ನಾನು ಸುಳ್ಳು ಹೇಳಿದೆ. ನನಗೆ ಗೊತ್ತಿತ್ತು. ದಿನಾ ಕೂತು ಕೇಳಿಸ್ಕೊಂಡೆ. ತಪ್ಪು ನನ್ನದು, ಪದ್ಯ ಕೊಟ್ಟವಳೂ ನಾನೇ." ಅಕ್ಕನಿಗೆ ಕೇಳುವ ಹಾಗೆ ಹೇಳಿದಳು. ತಂತಿಯಪ್ಪ ಒಮ್ಮೆ ಅವಳನ್ನು, ಒಮ್ಮೆ ಮಂಚವನ್ನು ನೋಡಿ ಕೊರಳಿನ ತಂತಿಯನ್ನು ಸುಮ್ಮನೆ ಸುತ್ತಿದ, ಬಿಚ್ಚಿದ.

"ಅಮ್ಮ, ಏನು ಮಾಡ್ಲಿ?" ಎಂದ ಅಕ್ಕನಿಗೆ.

ಅಕ್ಕ ಹಳೆಯ ದಾರಿಯಲ್ಲೇ, ನಾಲಿಗೆ ಆಡಿಸಲು ಹೆಣಗಿ, ಹಣೆ ಬೆವರಿಸಿಕೊಂಡು ಮಾತು ತಂದಳು. "ಹೊಸ ಮಾತು ನಾನು ಆರಿಸುತ್ತೇನೆ. ಅವಳು ಹೊರಗೆ ಹೋಗಲಿ." ಮತ್ತೊಮ್ಮೆ ಹೆಣಗಿ, "ಆಮೇಲೆ ಒಳಗೆ ಬರಲಿ" ಎಂದಳು.

ಪುಟ್ಟಿ ಮೆಟ್ಟಿಲ ಮೇಲೆ ಕೂತಿದ್ದು ಬಂದಳು. ಹೊಸ ಮಾತು ಯಾವುದೆಂದು ಅವಳಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ಅಂದಿನಿಂದ ಅಕ್ಕ ಮಧ್ಯಾಹ್ನ ಮಿಷನ್ ಕಳಚಲು ಬಿಡುವುದಿಲ್ಲ. ಹುಣ್ಣಾದರೆ ಆಗಲಿ ಎನ್ನುತ್ತಾಳೆ. ಪುಟ್ಟಿ ಹುರುಳಿಕಾಯಿಯನ್ನು ಅಕ್ಕನ ಕೋಣೆಗೇ ತಂದುಕೊಂಡು, ಮಂಚದ ಪಕ್ಕ ಕೂತು ಹೆಚ್ಚುತ್ತಾಳೆ. ಇಬ್ಬರೂ ಮಾತಾಡುತ್ತಾರೆ: ನರ್ಸಮ್ಮನ ಹೊಸ ಚಪ್ಪಲಿ, ಅಂಗಡಿಗೆ ಬಂದು ಜಗಳವಾಡಿದ ಗಿರಾಕಿ. ಅಕ್ಕ ತಮಾಷೆ ಮಾಡುತ್ತಾಳೆ, ಪುಟ್ಟಿ ನಗುತ್ತಾಳೆ. ನಾಲ್ಕು ಗಂಟೆ ಸಮೀಪಿಸಿದ ಹಾಗೆ ಮಾತು ತಾನಾಗಿ ಇಳಿಯುತ್ತದೆ. ದೀಪ ಆರಿರುತ್ತದೆ, ಸ್ಪೀಕರು ಸುಮ್ಮನಿರುತ್ತದೆ. ಪುಟ್ಟಿಯ ಚಾಕು ನಿಂತುಹೋಗಿರುವುದು ಅವಳಿಗೇ ಎಷ್ಟೋ ಹೊತ್ತಿನ ಮೇಲೆ ಗೊತ್ತಾಗುತ್ತದೆ. ತಲೆಯೆತ್ತಿದರೆ ಅಕ್ಕ ಕಣ್ಣು ಮುಚ್ಚಿರುವುದಿಲ್ಲ. ಮುಖ ತಿರುಗದಿದ್ದರೂ ಕಣ್ಣನ್ನು ಆ ಸುಮ್ಮನಿರುವ ಸ್ಪೀಕರಿನ ಕಡೆಗೆ ಎಷ್ಟು ಸಾಧ್ಯವೋ ಅಷ್ಟು ತಿರುಗಿಸಿಕೊಂಡು, ಅವಳೂ ಕೇಳಿಸಿಕೊಳ್ಳುತ್ತಿರುತ್ತಾಳೆ.